ವೀರನನ್ನು ನೋಡಿ ನಗಬಹುದೆ?

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ‘ಅಮರ ಚಿತ್ರ ಕಥೆ’ಗೆ ಕೈಹಾಕಿದರು. ಹದಿಮೂರು ವರ್ಷಗಳ ನಂತರ, 1980ರಲ್ಲಿ, ಅವರ ಸಂಪಾದಕತ್ವದಲ್ಲೇ ‘ಟಿಂಕಲ್’ ಬಂತು. ಮೊದಲನೆಯದರಲ್ಲಿ ಕೃಷ್ಣ, ಕರ್ಣ, ಅಭಿಮನ್ಯು, ಶಿವಾಜಿ. ಎರಡನೆಯದರಲ್ಲಿ ಸುಪ್ಪಂಡಿ, ಶಿಕಾರಿ ಶಂಭು, ತಂತ್ರಿ. ಬೀರಬಲ್ಲನೂ ತೆನಾಲಿ ರಾಮನೂ ‘ಅಮರ ಚಿತ್ರ ಕಥೆ’ಯಲ್ಲಿ ಕಾಣಿಸಿಕೊಂಡದ್ದು ನಿಜ, ಆದರೆ ಅವರಿಗೆ ಅವರದೇ ಪುಸ್ತಕ. ಸಂಪಾದಕ ಒಬ್ಬರೇ, ಓದುವ ಮಗುವೂ ಒಂದೇ; ಆದರೂ ವೀರಕ್ಕೆ ಒಂದು ಕಪಾಟು, ಹಾಸ್ಯಕ್ಕೆ ಇನ್ನೊಂದು. ಭಾರತದ ಕಾಮಿಕ್ಸ್ ಬಹಳ ಕಾಲ ಈ ವಿಂಗಡಣೆಯಲ್ಲೇ ಬೆಳೆಯಿತು.

ಕಳೆದ ಎರಡು ದಶಕಗಳಲ್ಲಿ ಈ ಗೋಡೆಯನ್ನು ಹೆಚ್ಚು ಗಟ್ಟಿಯಾಗಿ ತಟ್ಟಿದ ಊರು ಹೈದರಾಬಾದ್. ‘ಛೋಟಾ ಭೀಮ್’ ಅಲ್ಲಿಯದು. ‘ಈಗ’, ‘ಹನುಮಾನ್’, ‘ಕಲ್ಕಿ 2898 ಎಡಿ’ ಅಲ್ಲಿಯವು. ಇವುಗಳಲ್ಲಿ ಅಚ್ಚಾದ ಪುಟಕ್ಕಿಂತ ಅನಿಮೇಶನ್ನೂ ಸಿನಿಮಾವೂ ಹೆಚ್ಚು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಆದರೆ ಮುಖವಾಡ, ಮೈಗೆ ಬಂದ ಶಕ್ತಿ, ಗುಟ್ಟಾದ ಗುರುತು, ಸರಿಸಾಟಿ ಖಳ ಎಂಬ ಸಾಮಗ್ರಿಯೆಲ್ಲ ಕಾಮಿಕ್ಸ್‌ನದು. ನಗು ಎಲ್ಲಿರಬೇಕು, ಗಾಂಭೀರ್ಯ ಎಲ್ಲಿರಬೇಕು ಎಂಬ ಅದರ ಹಳೆಯ ಜಗಳವೂ ಆ ಸಾಮಗ್ರಿಯ ಜೊತೆಯಲ್ಲೇ ಬಂದಿದೆ.

ಈ ಜಗಳವನ್ನು ಸಾಮಾನ್ಯವಾಗಿ ಪ್ರಮಾಣದ ಪ್ರಶ್ನೆಯಾಗಿ ನೋಡುತ್ತಾರೆ: ಎಷ್ಟು ಪಾಲು ನಗು, ಎಷ್ಟು ಪಾಲು ಗಂಭೀರ? ಆ ಲೆಕ್ಕ ಎಲ್ಲಿಗೂ ಮುಟ್ಟಿಸುವುದಿಲ್ಲ ಎಂದು ನನ್ನ ನಂಬಿಕೆ. ಪುಟಪುಟಕ್ಕೂ ನಗಿಸುವ ಕಥೆ ಎದೆಗೆ ತಟ್ಟಿದ್ದುಂಟು. ಒಂದೂ ನಗೆಯಿಲ್ಲದ ಕಥೆ ಬರೀ ಪೊಳ್ಳಾಗಿದ್ದದ್ದೂ ಉಂಟು. ಕೇಳಬೇಕಾದ ಪ್ರಶ್ನೆ ಬೇರೆ. ನಗು ಯಾರ ಮೇಲೆ ಬೀಳುತ್ತಿದೆ? ವೀರನ ವೇಷದ ಮೇಲೆ, ಅವನ ಜಂಬದ ಮೇಲೆ, ಖಳನ ಗತ್ತಿನ ಮೇಲೆ ಬಿದ್ದರೆ ಕಥೆ ಗಟ್ಟಿಯಾಗುತ್ತದೆ. ಪೆಟ್ಟು ತಿಂದವರ ನೋವಿನ ಮೇಲೆ ಬಿದ್ದರೆ ಕುಸಿಯುತ್ತದೆ. ಈ ಒಂದು ಅಳತೆಗೋಲು ಹಿಡಿದು ನಮ್ಮ ಪರಂಪರೆಯನ್ನೂ ಅಮೆರಿಕದ ಕಾಮಿಕ್ಸನ್ನೂ ಹೈದರಾಬಾದಿನ ಕೆಲಸವನ್ನೂ ನೋಡುವುದು ಈ ಲೇಖನದ ಉದ್ದೇಶ.

ಏಕಚಕ್ರದ ಮನೆ

ಭರತನ ನಾಟ್ಯಶಾಸ್ತ್ರ ಎಂಟು ರಸಗಳನ್ನು ಹೇಳುತ್ತದೆ. ವೀರದಿಂದ ಅದ್ಭುತ ಹುಟ್ಟುತ್ತದೆ ಎನ್ನುತ್ತದೆ; ಸೂಪರ್‌ಹೀರೊ ಕಥೆಯೆಂದರೆ ಈ ಎರಡರ ಕೂಟವೇ. ಹಾಸ್ಯವನ್ನು ಅದು ಶೃಂಗಾರದ ಬಳಿ ಇಡುತ್ತದೆ. ಆದರೆ ರಂಗಕ್ಕೆ ಬಂದಾಗ ನಮ್ಮವರು ಹಾಸ್ಯವನ್ನು ವೀರದ ಪಕ್ಕದಲ್ಲೇ ನಿಲ್ಲಿಸಿದರು. ಹತ್ತನೆಯ ಶತಮಾನದ ಕೊನೆಯಲ್ಲಿ ರನ್ನ ಬರೆದ ‘ಗದಾಯುದ್ಧ’ದಂಥ ರಕ್ತಸಿಕ್ತ ಕಾವ್ಯದಲ್ಲೂ ವಿದೂಷಕನಿಗೆ ಜಾಗವಿದೆ. ಯಕ್ಷಗಾನದಲ್ಲಿ ಕಿರೀಟ ಹೊತ್ತ ವೇಷದ ಎದುರು ಹಾಸ್ಯಗಾರ ದೂತನಾಗಿಯೋ ಚಾರಕನಾಗಿಯೋ ನಿಂತು, ರಾಜನ ದೊಡ್ಡ ಮಾತನ್ನು ಊರಿನ ಮಾತಿಗೆ ಇಳಿಸುತ್ತಾನೆ. ನಮ್ಮ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನೂ ಬಂಗಾರಕ್ಕನೂ ರಾಮಾಯಣದ ನಡುವೆ ನುಗ್ಗುತ್ತಾರೆ. ತೆಲುಗಿನ ತೋಲುಬೊಮ್ಮಲಾಟದಲ್ಲಿ ಅದೇ ಕೆಲಸಕ್ಕೆ ಕೇತಿಗಾಡು, ಬಂಗಾರಕ್ಕ, ಜುಟ್ಟುಪೋಲಿಗಾಡು ಇದ್ದಾರೆ. ಗಡಿಯ ಎರಡೂ ಕಡೆಯ ಪ್ರೇಕ್ಷಕರಿಗೆ ಈ ಬೆರಕೆ ಹೊಸದಲ್ಲ.

ಈ ಬೆರಕೆಯ ನಿಯಮ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮಹಾಭಾರತದ ಬಕವಧೆಯಲ್ಲಿ. ಏಕಚಕ್ರದ ಒಂದು ಬಡ ಬ್ರಾಹ್ಮಣನ ಮನೆ. ರಾಕ್ಷಸನಿಗೆ ಆಹಾರವಾಗಿ ಈ ಸಲ ಯಾರು ಹೋಗಬೇಕೆಂದು ಗಂಡ, ಹೆಂಡತಿ, ಮಗಳು ಅಳುತ್ತ ಮಾತಾಡುತ್ತಾರೆ. ಪುಟ್ಟ ಮಗ ಹುಲ್ಲುಕಡ್ಡಿ ಹಿಡಿದು ಇದರಲ್ಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಅಳುವಿನ ನಡುವೆಯೂ ಹೆತ್ತವರಿಗೆ ಸಂತೋಷವಾಗುತ್ತದೆ. ಆಮೇಲೆ ಅವರ ಬದಲು ಭೀಮ ಬಂಡಿ ಅನ್ನದ ಜೊತೆ ಹೊರಡುತ್ತಾನೆ. ರಾಕ್ಷಸನ ಪಾಲಿನ ಅನ್ನವನ್ನು ತಾನೇ ಉಣ್ಣುತ್ತಾನೆ. ಬಕ ಬೆನ್ನಿಗೆ ಗುದ್ದಿದರೂ ತಿರುಗಿ ನೋಡುವುದಿಲ್ಲ, ಊಟ ಮುಗಿಯಬೇಕು. ಕೇಳಿದವರೆಲ್ಲ ನಗುತ್ತಾರೆ. ಆದರೆ ಆ ನಗು ಭೀಮನ ಹಸಿವಿನ ಮೇಲೆ, ಬಕನ ಪೇಚಿನ ಮೇಲೆ. ಮನೆಯವರ ಕಣ್ಣೀರನ್ನು ಯಾವ ಕವಿಯೂ ಯಾವ ಹರಿದಾಸನೂ ತಮಾಷೆ ಮಾಡಿಲ್ಲ. ಆ ಕಣ್ಣೀರು ನಿಜವೆನಿಸಿದ್ದರಿಂದಲೇ ಭೀಮನ ಊಟ ಅಷ್ಟು ಸೊಗಸಾಗುತ್ತದೆ.

ಕೆ.ವಿ. ರೆಡ್ಡಿ ನಿರ್ದೇಶಿಸಿ 1957ರಲ್ಲಿ ತೆರೆಗೆ ಬಂದ ‘ಮಾಯಾಬಜಾರ್’ ಇದೇ ನಿಯಮವನ್ನು ಪಾಲಿಸಿದ ಚಿತ್ರ. ಎಸ್.ವಿ. ರಂಗರಾವ್ ಅವರ ಘಟೋತ್ಕಚ ಬೇಕಾದಷ್ಟು ದೊಡ್ಡವನಾಗುತ್ತಾನೆ, ಶಶಿರೇಖೆಯ ರೂಪ ತಾಳುತ್ತಾನೆ, ಮದುವೆಯ ಅಡುಗೆಯನ್ನೆಲ್ಲ ನುಂಗುತ್ತಾನೆ. ಇಂದಿನ ಸೂಪರ್‌ಹೀರೊಗಳ ಯಾವ ಶಕ್ತಿಯೂ ಅವನಿಗೆ ಕಡಿಮೆಯಿಲ್ಲ. ಕಥೆಯ ಬೇರಿನಲ್ಲಿ ಇರುವುದು ಮಾತ್ರ ಒಂದು ಅವಮಾನ. ರಾಜ್ಯ ಹೋದ ಮೇಲೆ ತವರಿನವರೇ ಸುಭದ್ರೆಯ ಮಗನಿಗೆ ಹೆಣ್ಣು ಕೊಡಲು ಹಿಂಜರಿಯುತ್ತಾರೆ. ಬಡತನಕ್ಕೆ ಬಿದ್ದ ನೆಂಟರಿಗೆ ಆಗುವ ಆ ನೋವನ್ನು ಚಿತ್ರ ಒಂದು ಕ್ಷಣವೂ ಹಗುರ ಮಾಡುವುದಿಲ್ಲ. ಉಳಿದದ್ದೆಲ್ಲ ಹಬ್ಬದ ನಗು.

ಅಮೆರಿಕದ ತೂಗುಯ್ಯಾಲೆ

ಜೂನ್ 1938ರ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಬಂದ. ಎರಡು ವರ್ಷದೊಳಗೆ ಫಾಸೆಟ್ ಸಂಸ್ಥೆಯ ಕ್ಯಾಪ್ಟನ್ ಮಾರ್ವೆಲ್ ಬಂದ. ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಹುಡುಗ ‘ಶಜಾಮ್’ ಎಂದು ಕೂಗಿದರೆ ಮಹಾವೀರನಾಗುವ ಕಥೆ ಅದು. ಸಿ.ಸಿ. ಬೆಕ್ ಅವರ ಗೆರೆ ದುಂಡಗೆ, ಹಗುರ. ಕ್ಯಾಪ್ಟನ್ ಮಾರ್ವೆಲ್‌ನ ಘೋರ ವೈರಿಗಳಲ್ಲಿ ಒಂದು ಕನ್ನಡಕ ಹಾಕಿದ ಹುಳು. ಕ್ಯಾಪ್ಟನ್ ಮಾರ್ವೆಲ್ ಪುಸ್ತಕಗಳು ಸೂಪರ್‌ಮ್ಯಾನನ್ನೇ ಮೀರಿ ಮಾರಾಟವಾದ ಕಾಲವೂ ಇತ್ತು. ನಕಲು ಮಾಡಿದಿರಿ ಎಂದು ಸೂಪರ್‌ಮ್ಯಾನ್‌ನ ಪ್ರಕಾಶಕರು ಹೂಡಿದ ಮೊಕದ್ದಮೆ, ಇಳಿಯುತ್ತಿದ್ದ ಮಾರಾಟ ಎರಡೂ ಸೇರಿ 1953ರಲ್ಲಿ ಅವನ ಪುಸ್ತಕಗಳು ನಿಂತವು. ಇದರ ನಡುವೆ 1941ರಲ್ಲಿ ಜ್ಯಾಕ್ ಕೋಲ್ ಸೃಷ್ಟಿಸಿದ ಪ್ಲಾಸ್ಟಿಕ್ ಮ್ಯಾನ್ ಮೈಯನ್ನೇ ರಬ್ಬರಿನಂತೆ ಎಳೆದು ನಗಿಸುತ್ತಿದ್ದ. ಅಂದರೆ ಸೂಪರ್‌ಹೀರೊ ಹುಟ್ಟಿದ ನಾಲ್ಕನೇ ವರ್ಷದೊಳಗೇ ನಗುವೂ ಅವನ ಮನೆ ಸೇರಿತ್ತು. ಮೊದಲು ಎಲ್ಲ ಗಂಭೀರವಾಗಿತ್ತು, ಆಮೇಲೆ ತಮಾಷೆ ಬಂದು ಕೆಡಿಸಿತು ಎಂಬ ದೂರಿಗೆ ಇತಿಹಾಸದ ಆಧಾರವಿಲ್ಲ.

1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರ ಪುಸ್ತಕ ಕಾಮಿಕ್ಸ್ ಮಕ್ಕಳನ್ನು ಹಾಳುಮಾಡುತ್ತದೆ ಎಂದು ಎಬ್ಬಿಸಿದ ಗದ್ದಲದಲ್ಲಿ ಪ್ರಕಾಶಕರು ತಮಗೆ ತಾವೇ ಒಂದು ಸಂಹಿತೆ ಹಾಕಿಕೊಂಡರು. ಹಿಂಸೆ, ಭಯ, ಸಾವು ಎಲ್ಲ ಹದ್ದುಬಸ್ತಿಗೆ ಬಂದವು. ಪೆಟ್ಟಿಗೆ ನೋವಿಲ್ಲದ ಮೇಲೆ ನಗೆಗೂ ತೂಕವಿಲ್ಲ. 1966ರಲ್ಲಿ ಅಮೆರಿಕದ ಟಿ.ವಿ.ಗೆ ಬಂದ ಆ್ಯಡಂ ವೆಸ್ಟ್ ಅಭಿನಯದ ಬ್ಯಾಟ್‌ಮ್ಯಾನ್ ಆ ಕಾಲದ ಶಿಖರ. ನಟ ಒಂದಿಷ್ಟೂ ನಗದೆ ಗಂಭೀರವಾಗಿ ಆಡಿದ ಮಾತಿಗೆ ದೇಶವೆಲ್ಲ ನಕ್ಕಿತು. ಚತುರ ಕೆಲಸವೇ ಸರಿ. ಆದರೆ ಆ ಊರಿನಲ್ಲಿ ಯಾರಿಗೂ ನಿಜವಾಗಿ ಗಾಯವಾಗುವುದಿಲ್ಲ. ಹಾಗಾಗಿ ಬ್ಯಾಟ್‌ಮ್ಯಾನ್ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. 1970ರ ದಶಕದಲ್ಲಿ ಡೆನಿಸ್ ಓ’ನೀಲ್, ನೀಲ್ ಆ್ಯಡಮ್ಸ್ ಜೋಡಿ ಅವನನ್ನು ಮತ್ತೆ ಕತ್ತಲೆಗೆ ಕರೆದೊಯ್ದದ್ದು ಈ ಕೊರತೆಯನ್ನು ತುಂಬಲು.

ಈ ತೂಗುಯ್ಯಾಲೆಯ ನಡುವೆ ಸಮತೋಲ ಕಂಡುಕೊಂಡದ್ದು ಸ್ಪೈಡರ್‌ಮ್ಯಾನ್. ಸ್ಟ್ಯಾನ್ ಲೀ, ಸ್ಟೀವ್ ಡಿಟ್ಕೊ 1962ರಲ್ಲಿ ಕೊಟ್ಟ ಪೀಟರ್ ಪಾರ್ಕರ್ ಹೊಡೆದಾಡುತ್ತಲೇ ವಟಗುಟ್ಟುತ್ತಾನೆ. ಆ ಮಾತುಗಳು ಜೋರಿನ ಮಾತಲ್ಲ. ಬಾಡಿಗೆಯ ಚಿಂತೆಯಿರುವ, ಚಿಕ್ಕಪ್ಪನ ಸಾವಿಗೆ ತಾನೇ ಕಾರಣ ಎಂದು ಕೊರಗುವ ಹುಡುಗ ತನ್ನ ಹೆದರಿಕೆಯನ್ನು ಮುಚ್ಚಿಕೊಳ್ಳುವ ಬಗೆ. 1973ರಲ್ಲಿ ಅವನ ಪ್ರೇಯಸಿ ಗ್ವೆನ್ ಸ್ಟೇಸಿ ಸತ್ತ ಸಂಚಿಕೆಯಲ್ಲಿ ಆ ವಟಗುಟ್ಟುವಿಕೆ ನಿಂತುಹೋದಾಗ ಓದುಗರಿಗೆ ಆದ ಆಘಾತಕ್ಕೆ ಹಿಂದಿನ ಹನ್ನೊಂದು ವರ್ಷಗಳ ನಗೆಯೇ ಕಾರಣ. ಮೊದಲಿನಿಂದ ಮುಖ ಗಂಟಿಕ್ಕಿಕೊಂಡವನ ಮೌನ ಯಾರಿಗೂ ಕೇಳಿಸುತ್ತಿರಲಿಲ್ಲ.

1986ರಲ್ಲಿ ಎರಡು ಕೃತಿಗಳು ಬಂದವು: ಫ್ರ್ಯಾಂಕ್ ಮಿಲ್ಲರ್ ಅವರ ‘ದ ಡಾರ್ಕ್ ನೈಟ್ ರಿಟರ್ನ್ಸ್’, ಅಲನ್ ಮೂರ್, ಡೇವ್ ಗಿಬ್ಬನ್ಸ್ ಅವರ ‘ವಾಚ್‌ಮೆನ್’. ‘ವಾಚ್‌ಮೆನ್’ನ ಮೊದಲ ಮುಖಪುಟದಲ್ಲಿ ನಗುವ ಹಳದಿ ಮುಖದ ಬಿಲ್ಲೆ, ಅದರ ಮೇಲೆ ರಕ್ತದ ಕಲೆ. ನಗೆಗೂ ಸಾವಿಗೂ ಇರುವ ನಂಟು ಇಡೀ ಪುಸ್ತಕದ ವಸ್ತು. ಆದರೆ ಅನುಕರಿಸಿದವರು ರಕ್ತವನ್ನಷ್ಟೇ ತೆಗೆದುಕೊಂಡರು. ಕತ್ತಲೆಯೇ ಪ್ರೌಢತೆ ಎಂಬ ನಂಬಿಕೆ ಊರಿತು. ಅದರ ಅಪಾಯ 1988ರ ‘ದ ಕಿಲ್ಲಿಂಗ್ ಜೋಕ್’ನಲ್ಲೇ ಕಾಣುತ್ತದೆ. ಆ ಬ್ಯಾಟ್‌ಮ್ಯಾನ್ ಕಥೆಯಲ್ಲಿ ಬಾರ್ಬರಾ ಗಾರ್ಡನ್ ಖಳ ಜೋಕರ್‌ನ ಗುಂಡೇಟು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳುತ್ತಾಳೆ. ಕಥೆಯ ಗಮನವೆಲ್ಲ ಅವಳ ತಂದೆಯ, ಬ್ಯಾಟ್‌ಮ್ಯಾನ್‌ನ, ಜೋಕರ್‌ನ ಮನಸ್ಸಿನ ಮೇಲೆ. ಗಾಯ ಅವಳದು, ಮಾತು ಮಾತ್ರ ಗಂಡಸರದು. ಮರುವರ್ಷ ಜಾನ್ ಆಸ್ಟ್ರಾಂಡರ್, ಕಿಮ್ ಯೇಲ್ ಅವಳನ್ನು ಗಾಲಿಕುರ್ಚಿಯಲ್ಲಿ ಕೂತೇ ವೀರರಿಗೆ ದಾರಿ ತೋರುವ ‘ಆರಕಲ್’ ಆಗಿಸಿದ ಮೇಲೆ ಆ ಗಾಯಕ್ಕೆ ಮರ್ಯಾದೆ ಬಂತು. ಬಿಗಿದ ಮುಖವೊಂದೇ ನೋವನ್ನು ಗೌರವಿಸಿದಂತಾಗುವುದಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಅದೇ ಕಾಲದಲ್ಲಿ, 1987ರಲ್ಲಿ, ಕೀತ್ ಗಿಫೆನ್, ಜೆ.ಎಂ. ಡಿಮ್ಯಾಟಿಸ್, ಚಿತ್ರಕಾರ ಕೆವಿನ್ ಮಗ್ವಾಯರ್ ‘ಜಸ್ಟಿಸ್ ಲೀಗ್’ನ್ನು ಒಂದು ಜಗಳಗಂಟ ಕಚೇರಿಯನ್ನಾಗಿ ಮಾಡಿದರು. ಬಾಯಿಬಡುಕ ಗೈ ಗಾರ್ಡ್ನರ್‌ನನ್ನು ಬ್ಯಾಟ್‌ಮ್ಯಾನ್ ಒಂದೇ ಗುದ್ದಿಗೆ ಮಲಗಿಸುವ ದೃಶ್ಯವನ್ನು ಓದುಗರು ಇಂದಿಗೂ ನೆನೆಯುತ್ತಾರೆ. ಆ ತಂಡದ ವಿನೋದಿ ಬ್ಲೂ ಬೀಟಲ್ 2005ರಲ್ಲಿ ತನ್ನ ಹಳೆಯ ಯಜಮಾನನ ಕೈಯಲ್ಲೇ ಗುಂಡಿಗೆ ಬಲಿಯಾದಾಗ ಓದುಗರು ಕನಲಿದರು. ಜೊತೆಗೆ ನಕ್ಕವನ ಸಾವು ಹೆಚ್ಚು ನೋಯಿಸುತ್ತದೆ. 2014ರಲ್ಲಿ ಜಿ. ವಿಲ್ಲೊ ವಿಲ್ಸನ್, ಏಡ್ರಿಯನ್ ಅಲ್ಫೋನಾ ಕೈಯಲ್ಲಿ ಸ್ವಂತ ಪುಸ್ತಕ ಪಡೆದ ‘ಮಿಸ್ ಮಾರ್ವೆಲ್’ ಕಮಲಾ ಖಾನ್ ಈ ದಾರಿಯ ಒಳ್ಳೆಯ ಫಲ. ಪಾಕಿಸ್ತಾನಿ ಮೂಲದ ಆ ಮನೆಯ ಕಟ್ಟುಪಾಡು, ಊಟ, ಅಪ್ಪ ಅಮ್ಮನ ಆತಂಕ ಎಲ್ಲದರಲ್ಲೂ ನಗೆಯಿದೆ. ಆದರೆ ಮನೆಯವರನ್ನು ಹೊರಗಿನವರ ಕಣ್ಣಿಗೆ ಕುಬ್ಜರಾಗಿಸುವ ಒಂದು ಗೆರೆಯೂ ಇಲ್ಲ.

ನಮ್ಮ ಎರಡು ಕಪಾಟು

ಭಾರತದಲ್ಲಿ ಮೊದಲು ಮನೆಮಾತಾದ ಮುಖವಾಡದ ವೀರ ಲೀ ಫಾಕ್ ಅವರ ಫ್ಯಾಂಟಮ್. 1964ರಲ್ಲಿ ಶುರುವಾದ ‘ಇಂದ್ರಜಾಲ ಕಾಮಿಕ್ಸ್’ ಅವನನ್ನು ಊರೂರಿಗೆ ಕೊಂಡೊಯ್ದಿತು. ಕನ್ನಡದಲ್ಲಿ ‘ಸುಧಾ’ ವಾರಪತ್ರಿಕೆಯ ಪುಟ ಅವನಿಗೆ ಕಾಯಂ ವಿಳಾಸವಾಗಿತ್ತು. ಹೈದರಾಬಾದಿನ ಅಬಿಡ್ಸ್‌ನಲ್ಲಿ ಭಾನುವಾರ ಪಾದಚಾರಿ ದಾರಿಯ ಮೇಲೆ ಹರಡುವ ಹಳೆ ಪುಸ್ತಕಗಳ ರಾಶಿಯಲ್ಲಿ ಇಂದ್ರಜಾಲದ ಸಂಚಿಕೆಗಳನ್ನು ಹುಡುಕುವವರು ಈಗಲೂ ಇದ್ದಾರೆ. 1986ರಲ್ಲಿ ರಾಜ್ ಕಾಮಿಕ್ಸ್‌ನ ನಾಗರಾಜ, ಮರುವರ್ಷ ಅನುಪಮ್ ಸಿನ್ಹಾ ಅವರ ಸೂಪರ್ ಕಮಾಂಡೊ ಧ್ರುವ ಹಿಂದಿ ಓದುಗರನ್ನು ಗೆದ್ದರು. ಅದೇ ಸಂಸ್ಥೆಯ ಬಾಂಕೇಲಾಲ್ ರಾಜನಿಗೆ ಕೇಡು ಬಗೆಯಲು ಹೋಗಿ ಪ್ರತಿಸಲವೂ ಒಳಿತನ್ನೇ ಮಾಡಿ ಕೂರುತ್ತಿದ್ದ. ಅಲ್ಲೂ ವೀರರ ಪುಸ್ತಕ ಬೇರೆ, ನಗೆಯ ಪುಸ್ತಕ ಬೇರೆ.

ಎರಡನ್ನೂ ಒಂದೇ ಪುಟಕ್ಕೆ ತಂದ ಎರಡು ಸೃಷ್ಟಿಗಳನ್ನು ಮರೆಯಬಾರದು. ಒಂದು ವ್ಯಂಗ್ಯಚಿತ್ರಕಾರ ಪ್ರಾಣ್ ಅವರದು. 1971ರಲ್ಲಿ ಅವರು ಸೃಷ್ಟಿಸಿದ ಚಾಚಾ ಚೌಧರಿ ಕೆಂಪು ರುಮಾಲಿನ, ಬಿಳಿ ಮೀಸೆಯ ಮುದುಕ. ಗುರುಗ್ರಹದಿಂದ ಬಂದ ಸಾಬು ಅವನ ಜೊತೆಗಾರ. ಮೈಬಲ ಸಾಬುವಿನದು, ಕಥೆ ಚಾಚಾನದು. ಬಲಕ್ಕಿಂತ ಬುದ್ಧಿ ಮೇಲೆಂಬ ನಮ್ಮ ಹಳ್ಳಿಕಟ್ಟೆಯ ನಂಬಿಕೆಯನ್ನು ಅವರು ಸೂಪರ್‌ಹೀರೊ ಚೌಕಟ್ಟಿನೊಳಗೆ ಕೂರಿಸಿದರು.

ಇನ್ನೊಂದು ಕಾಸರಗೋಡು, ಕರಾವಳಿಯ ಕನ್ನಡ ಮಕ್ಕಳಿಗೆ ಚೆನ್ನಾಗಿ ಗೊತ್ತಿದ್ದ ಇಲಿ. 1983ರಲ್ಲಿ ಮಲಯಾಳದ ‘ಬಾಲಮಂಗಳಂ’ ಪತ್ರಿಕೆಯಲ್ಲಿ ಎನ್. ಸೋಮಶೇಖರನ್ ಬರೆದು ಬೇಬಿ ಚಿತ್ರಿಸಿದ ಡಿಂಕನ್ ಕನ್ನಡದ ‘ಬಾಲಮಂಗಳ’ದಲ್ಲಿ ಡಿಂಗನಾದ. ಅನ್ಯಗ್ರಹದವರು ಹಿಡಿದೊಯ್ದು ಪ್ರಯೋಗ ಮಾಡಿದ್ದರಿಂದ ಮಹಾಶಕ್ತಿ ಪಡೆದ ಇಲಿ. ಹೆಗಲ ಮೇಲೆ ಮೇಲಂಗಿ. ನೋಡಿದ ಕೂಡಲೇ ನಗು ಬರುತ್ತದೆ. ಆದರೆ ಕಾಡಿನ ಪ್ರಾಣಿಯೊಂದು ಕಷ್ಟದಲ್ಲಿ ಕೂಗಿದಾಗ ಡಿಂಗ ಹಾರಿಬರುವುದನ್ನು ಆ ಮಕ್ಕಳು ನಂಬಿ ಓದಿದರು. ಅದೇ ಡಿಂಕನ್ ಮುಂದೆ ಕೇರಳದಲ್ಲಿ ಮೂಢನಂಬಿಕೆಯನ್ನು ಅಣಕಿಸುವ ಹುಸಿ ಧರ್ಮವೊಂದರ ದೇವರಾದ. ಮಗುವಿನ ಭಕ್ತಿಯನ್ನೂ ದೊಡ್ಡವರ ವಿಡಂಬನೆಯನ್ನೂ ಒಂದೇ ಪಾತ್ರ ಹೊರಬಲ್ಲದು.

ಹೈದರಾಬಾದಿನ ಪ್ರಯೋಗಗಳು

ರಾಜೀವ್ ಚಿಲಕ 2001ರಲ್ಲಿ ಹೈದರಾಬಾದಿನಲ್ಲಿ ಗ್ರೀನ್ ಗೋಲ್ಡ್ ಅನಿಮೇಶನ್ ಆರಂಭಿಸಿದರು. 2008ರಲ್ಲಿ ಪೋಗೊ ವಾಹಿನಿಯಲ್ಲಿ ‘ಛೋಟಾ ಭೀಮ್’ ಬಂತು. ಆಮೇಲೆ ಅದು ಕಾಮಿಕ್ಸ್ ಪುಸ್ತಕವಾಗಿಯೂ ಅಚ್ಚಾಯಿತು. ಢೋಲಕ್‌ಪುರದ ಈ ಹುಡುಗನ ಶಕ್ತಿ ಲಡ್ಡುವಿನಲ್ಲಿದೆ. ಬಕಾಸುರನ ಬಂಡಿಯ ಅನ್ನವೇ ಇಲ್ಲಿ ಟುನ್‌ಟುನ್ ಮೌಸಿಯ ಲಡ್ಡುವಾಗಿದೆ ಎನ್ನಬಹುದು. ಮಕ್ಕಳಿಗೆ ಅರ್ಥವಾಗುವ ಭಾರತೀಯ ಹಳ್ಳಿಯನ್ನೂ, ಗೆಳೆಯರ ಗುಂಪನ್ನೂ ಅದು ಕಟ್ಟಿಕೊಟ್ಟಿತು. ಅದರ ಮಹತ್ವ ಸಣ್ಣದಲ್ಲ.

ಆದರೆ ಆ ಸರಣಿಯಲ್ಲಿ ನಗೆ ಎಲ್ಲಿ ಬೀಳುತ್ತದೆ? ಹೆಚ್ಚಾಗಿ ಭೀಮನೊಡನೆ ಪೈಪೋಟಿಗಿಳಿಯುವ ಹುಡುಗ ಕಾಲಿಯಾನ ಮೇಲೆ. ಅವನು ಜಂಬಗಾರ, ಪುಕ್ಕಲ. ಅವನ ಜಂಬಕ್ಕೆ ನಗುವುದು ಸರಿ. ಅದರ ಜೊತೆಗೆ ಅವನ ದಪ್ಪ ಮೈಯೂ ನಗೆಯ ಸಾಮಗ್ರಿಯಾಗುತ್ತದೆ. ತರಗತಿಯಲ್ಲಿ ದಪ್ಪಗಿರುವ ಹುಡುಗನಿಗೆ ಆ ಹೆಸರು ಅಂಟಿದರೆ ನೋಯುವುದು ಅವನೇ. ಇತ್ತ ಭೀಮನ ಮೇಲೆ ಮಾತ್ರ ನಗೆ ಬೀಳುವುದೇ ಇಲ್ಲ. ಅವನು ತಪ್ಪುವುದಿಲ್ಲ, ತಡವರಿಸುವುದಿಲ್ಲ. ಹಾಗಾಗಿ ಎಷ್ಟು ಪ್ರೀತಿಯಿದ್ದರೂ ಆ ಪಾತ್ರ ಬೆಳೆಯುವುದಿಲ್ಲ.

ಇದಕ್ಕೆ ಉತ್ತರ ಅದೇ ಸಂಸ್ಥೆಯಿಂದ ಬಂತು. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಮೈಟಿ ಲಿಟ್ಲ್ ಭೀಮ್’ನಲ್ಲಿ ಭೀಮ ಅಂಬೆಗಾಲಿಡುವ ಕೂಸು. ಹೆಚ್ಚುಕಡಿಮೆ ಮಾತೇ ಇಲ್ಲ. ತನ್ನ ಬಲ ತನಗೆ ಗೊತ್ತಿಲ್ಲದ ಕೂಸು ತಿಂಡಿಯ ಹಿಂದೆ ಹೋಗಿ ಊರನ್ನೇ ಅಲ್ಲಾಡಿಸುತ್ತದೆ. ನಗೆಯೆಲ್ಲ ಅದರ ಮೇಲೆ. ನಗೆ ವೀರನ ಮೇಲೆ ತಿರುಗಿದ ಕೂಡಲೇ ಅದೇ ಭೀಮ ಜೀವಂತನಾದ. ಮಾತಿಲ್ಲದ್ದರಿಂದ ಬೇರೆ ಬೇರೆ ದೇಶಗಳ ಮಕ್ಕಳಿಗೂ ಅವನು ಹತ್ತಿರನಾದ.

‘ಈಗ’ 2012ರ ಜುಲೈಯಲ್ಲಿ ತೆರೆಕಂಡಿತು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಎಸ್.ಎಸ್. ರಾಜಮೌಳಿ ಬಾಲ್ಯದಲ್ಲಿ ಓದಿದ ‘ಅಮರ ಚಿತ್ರ ಕಥೆ’ಗಳ ಪ್ರಭಾವವನ್ನು ಹಲವು ಸಲ ಹೇಳಿಕೊಂಡವರು. ಆದರೆ ಇಲ್ಲಿ ಅವರು ಆರಿಸಿಕೊಂಡ ವೀರ ಒಂದು ನೊಣ. ಕೊಲೆಯಾದ ಪ್ರೇಮಿ ನೊಣವಾಗಿ ಹುಟ್ಟಿ ಕೊಂದವನ ಮೇಲೆ ಸೇಡು ತೀರಿಸುವ ಈ ಕಥೆಯನ್ನು ಒಂದೇ ಸಾಲಿನಲ್ಲಿ ಕೇಳಿದರೆ ಯಾರಾದರೂ ನಗುತ್ತಾರೆ. ಚಿತ್ರ ಆ ನಗುವನ್ನು ಬೇಡವೆನ್ನುವುದಿಲ್ಲ: ನೊಣ ವ್ಯಾಯಾಮ ಮಾಡುತ್ತದೆ, ಕಾರಿನ ಗಾಜಿನ ಮೇಲೆ ಕೊಲ್ಲುತ್ತೇನೆಂದು ಬರೆಯುತ್ತದೆ, ಸೂಕ್ಷ್ಮ ಕಲಾವಿದೆಯಾದ ನಾಯಕಿ ಅದಕ್ಕೆ ಪುಟ್ಟ ಆಯುಧ ಮಾಡಿಕೊಡುತ್ತಾಳೆ.

ಇಷ್ಟೆಲ್ಲ ನಗೆಯನ್ನು ಚಿತ್ರ ತಾಳಿಕೊಂಡದ್ದು ಎರಡು ಕಾರಣಕ್ಕೆ. ಮೊದಲ ಕೊಲೆಯಲ್ಲಿ ತಮಾಷೆಯ ಸುಳಿವೂ ಇಲ್ಲ. ಎರಡನೆಯದು ನಮ್ಮ ಸುದೀಪ್. ಖಳನ ಪಾತ್ರದಲ್ಲಿ ಅವರು, ಚಿತ್ರೀಕರಣದ ಹೊತ್ತಿಗೆ ಎದುರಿಗೆ ಇಲ್ಲದ ನೊಣಕ್ಕೆ ನಿಜವಾಗಿ ಹೆದರಿದರು, ನಿದ್ದೆಗೆಟ್ಟರು, ಕೆರಳಿದರು. ಅವರ ಭಯ ನಿಜವಾದ್ದರಿಂದ ನೊಣದ ಬಲ ನಿಜವಾಯಿತು. ಅವರ ಗತ್ತು ಮುರಿದಾಗ ಬಂದ ನಗು ನ್ಯಾಯದ ನಗುವಾಯಿತು. ಕನ್ನಡಕ ಹಾಕಿದ ಹುಳುವನ್ನು ಖಳನಾಗಿಸಿದ ಕ್ಯಾಪ್ಟನ್ ಮಾರ್ವೆಲ್ ಕಥೆಗಾರರಿಗೆ ಇದು ಒಪ್ಪಿಗೆಯಾಗುತ್ತಿತ್ತು.

ಪ್ರಶಾಂತ್ ವರ್ಮಾ ಅವರ ‘ಹನುಮಾನ್’ 2024ರ ಜನವರಿ 12ರಂದು ಬಂತು. ಊರಿನ ಹೆಸರು ಅಂಜನಾದ್ರಿ; ಕಥೆಯ ಊರು ಕಲ್ಪಿತ, ಆದರೆ ಕೊಪ್ಪಳ ಜಿಲ್ಲೆಯ ಆನೆಗುಂದಿಯ ಬೆಟ್ಟ ಹತ್ತಿದವರಿಗೆ ಆ ಹೆಸರು ಆಪ್ತ. ಸಣ್ಣಪುಟ್ಟ ಕಳ್ಳತನದ ಹನುಮಂತುವಿಗೆ ಒಂದು ಮಣಿಯಿಂದ ಶಕ್ತಿ ಬರುತ್ತದೆ. ಅರ್ಧ ಚಿತ್ರ ಅವನ ಪೇಚುಗಳ ನಗೆ. ಅದರ ಎದುರಿಗಿರುವ ಖಳ ಮೈಕಲ್, ಸೂಪರ್‌ಹೀರೊ ಆಗಬೇಕೆಂಬ ಹುಚ್ಚಿನಲ್ಲಿ ಬೆಳೆದವನು. ವೀರರೆಲ್ಲ ಅನಾಥರೆಂದು ಬಾಲ್ಯದಲ್ಲೇ ಹೆತ್ತವರನ್ನು ಕೊಂದವನು. ಕಾಮಿಕ್ಸ್ ಓದುಗರ ನಡುವಿನ ಹಳೆಯ ತಮಾಷೆಯೊಂದನ್ನು ಚಿತ್ರ ಹೀಗೆ ಭೀಕರವಾಗಿಸಿತು. ಎಷ್ಟೇ ಗಂಭೀರ ವೇಷವಿದ್ದರೂ ಇನ್ನೊಬ್ಬರ ಜೀವ ಕಾಣದವನು ವೀರನಲ್ಲ ಎಂಬುದು ಅದರ ವಾದ. ಹನುಮಂತುವಿನ ಅಕ್ಕ ಅಂಜಮ್ಮ ಸಾಯುವಾಗ ಚಿತ್ರ ನಗೆಯನ್ನು ಕೆಳಗಿಡುತ್ತದೆ. ನಗೆ ಎಲ್ಲ ಹನುಮಂತುವಿನ ಮೇಲೆ, ಹನುಮಂತನ ಮೇಲೆ ಎಲ್ಲೂ ಇಲ್ಲ. ಭಕ್ತಿಯ ಕಾರಣಕ್ಕೆ ಎಳೆದ ಈ ಗೆರೆಯನ್ನು ನಾನು ಗೌರವಿಸುತ್ತೇನೆ. ಆದರೆ ಸೂರ್ಯನನ್ನು ಹಣ್ಣೆಂದು ಹಾರಿದ, ಬಾಲದ ಬೆಂಕಿಯಲ್ಲೇ ಲಂಕೆ ಸುಟ್ಟ ಆಂಜನೇಯನ ಕಥೆಗಳಲ್ಲಿ ನಮ್ಮ ಜನ ಭಕ್ತಿಯಿಂದಲೇ ನಕ್ಕಿದ್ದಾರೆ. ಭಕ್ತಿ ಅಷ್ಟು ಸುಲಭವಾಗಿ ಒಡೆಯುವ ವಸ್ತುವಲ್ಲ.

ಅದೇ ವರ್ಷದ ‘ಕಲ್ಕಿ 2898 ಎಡಿ’ ಎಡವಿದ ಜಾಗವೂ ಪಾಠವೇ. ಚಿತ್ರಕ್ಕೆ ಮುನ್ನುಡಿಯಾಗಿ ಗ್ರೀನ್ ಗೋಲ್ಡ್ ಮಾಡಿದ ‘ಬುಜ್ಜಿ ಆ್ಯಂಡ್ ಭೈರವ’ ಅನಿಮೇಶನ್‌ನಲ್ಲಿ ಭೈರವನಿಗೂ ಮಾತಾಡುವ ಯಂತ್ರ ಬುಜ್ಜಿಗೂ ನಡೆಯುವ ಕೀಟಲೆ ಹಿತವಾಗಿದೆ. ದೊಡ್ಡ ಚಿತ್ರದಲ್ಲಿ ಅದೇ ಭೈರವ ಬಹುಮಾನದ ಆಸೆಗೆ ಗರ್ಭಿಣಿಯೊಬ್ಬಳ ಬೆನ್ನುಹತ್ತುತ್ತಾನೆ. ಅವಳಂಥ ಹೆಂಗಸರಿಗೆ ಏನಾಗುತ್ತಿದೆ ಎಂಬುದನ್ನು ಚಿತ್ರದಲ್ಲಿ ನಾವು ಆಗಲೇ ಕಂಡಿದ್ದೇವೆ. ಆದರೂ ಅವನ ಹಾಸ್ಯ ಮುನ್ನುಡಿಯಲ್ಲಿದ್ದ ಹಾಗೇ ಮುಂದುವರಿಯುತ್ತದೆ. ಭೈರವನಾಗಿ ನಟಿಸಿದ ಪ್ರಭಾಸ್ ಅವರ ಹಾಸ್ಯ ಕೆಟ್ಟದೆಂದು ನಾನು ಹೇಳುತ್ತಿಲ್ಲ. ಎದುರಿಗಿರುವ ಹೆಂಗಸಿನ ಭಯ ಆ ಹಾಸ್ಯಕ್ಕೆ ಗೊತ್ತಿಲ್ಲ, ನೋಡುವವರಿಗೆ ಗೊತ್ತಿದೆ. ಆ ಅಂತರದಲ್ಲಿ ನಗು ಸೊರಗುತ್ತದೆ.

ಚೌಕಟ್ಟಿನ ಕಸುಬು

ಸಿನಿಮಾದಲ್ಲಿ ನಗೆಯ ಕಾಲವನ್ನು ಸಂಕಲನಕಾರ ನಿರ್ಧರಿಸುತ್ತಾನೆ. ಕಾಮಿಕ್ಸ್‌ನಲ್ಲಿ ಚೌಕಟ್ಟು ನಿರ್ಧರಿಸುತ್ತದೆ. ಮಾತಿಲ್ಲದ ಒಂದು ಚೌಕ ಮಾತಿಗೂ ನಗೆಗೂ ನಡುವೆ ಉಸಿರು ಕೊಡುತ್ತದೆ. ಪುಟದ ಕೊನೆಯ ಚೌಕದಲ್ಲಿ ಕುತೂಹಲ, ಪುಟ ತಿರುವಿದ ಕೂಡಲೇ ಪೆಟ್ಟು ಅಥವಾ ನಗು. ‘ವಾಚ್‌ಮೆನ್’ನ ಒಂಬತ್ತು ಚೌಕಗಳ ಬಿಗಿ ಪುಟ ಉಸಿರು ಕಟ್ಟಿಸುತ್ತದೆ, ಮಗ್ವಾಯರ್ ಒಂದೇ ಕೋನದಲ್ಲಿ ಸಾಲಾಗಿ ಬಿಡಿಸಿದ ಮುಖಗಳಲ್ಲಿ ಹುಬ್ಬು ಒಂದಿಷ್ಟು ಏರಿದರೂ ನಗು ಚಿಮ್ಮುತ್ತದೆ. ‘ಟಿಂಕಲ್’ನಲ್ಲಿ ವಸಂತ ಹಾಲ್ಬೆ ಬಿಡಿಸಿದ ಶಿಕಾರಿ ಶಂಭುವಿನ ಕಣ್ಣನ್ನು ಟೋಪಿ ಮುಚ್ಚಿರುತ್ತದೆ, ಅವನ ಹೆದರಿಕೆ ಊರಿಗೆ ಕಾಣದು, ಓದುಗನಿಗೆ ಮಾತ್ರ ಗೊತ್ತು. ಅಷ್ಟೊಂದು ಹಾಸ್ಯವನ್ನು ಒಂದು ಟೋಪಿ ಹೊತ್ತಿದೆ.

ಗೆರೆಯ ಶೈಲಿಯೂ ಒಂದು ಮಾತು ಕೊಡುತ್ತದೆ. ದುಂಡು ಗೆರೆಯ ಪುಟದಲ್ಲಿ ಬಿದ್ದವನು ಎದ್ದೇಳುತ್ತಾನೆಂದು ಓದುಗ ನಂಬುತ್ತಾನೆ; ದಟ್ಟ ನೆರಳಿನ ಪುಟದಲ್ಲಿ ಏಳದೆಯೂ ಇರಬಹುದು. ಕೊಟ್ಟ ಈ ಮಾತನ್ನು ಕಥೆಗಾರ ನಡುವೆ ಮುರಿಯಬಹುದು, ಆದರೆ ಮುರಿಯುವಾಗ ಕಾರಣ ಬೇಕು. ಗ್ವೆನ್ ಸ್ಟೇಸಿಯ ಸಾವಿಗೆ ಕಾರಣವಿತ್ತು. ಮಾರಾಟ ಏರಿಸಲೆಂದು ಹಾಸ್ಯದ ಪಾತ್ರಗಳನ್ನು ಸಾಯಿಸಿದ ಎಷ್ಟೋ ಸಂಚಿಕೆಗಳಿಗೆ ಇರಲಿಲ್ಲ.

ಇಲ್ಲಿ ಇನ್ನೊಂದು ಕೆಟ್ಟ ಅಭ್ಯಾಸವನ್ನು ಹೆಸರಿಸಬೇಕು. ಅಪಾಯ ತುದಿಗೆ ಬಂದಾಗ ನಾಯಕನೇ ತನ್ನ ಕಥೆಯನ್ನು ಲೇವಡಿ ಮಾಡಿ, ಇದೆಲ್ಲ ಸುಮ್ಮನೆ ಎಂದು ಓದುಗನಿಗೆ ಕಣ್ಣು ಮಿಟುಕಿಸುವುದು. ಈಚಿನ ಅನೇಕ ಚಿತ್ರಗಳಲ್ಲೂ ಕಾಮಿಕ್ಸ್‌ನಲ್ಲೂ ಇದು ಹಬ್ಬಿದೆ. ಡೆಡ್‌ಪೂಲ್‌ನಂಥ ಪಾತ್ರಕ್ಕೆ ಅದು ಸ್ವಭಾವವಾಗಬಹುದು, ಏಕೆಂದರೆ ಅವನ ಹಾಸ್ಯದ ಅಡಿಯಲ್ಲಿ ರೋಗದಿಂದ ಬೆಂದ ಮೈಯಿದೆ. ಉಳಿದವರಲ್ಲಿ ಅದು ಕಥೆಗಾರನ ಅಪನಂಬಿಕೆ. ತಾನು ನಂಬದ ಸಂಕಟವನ್ನು ಓದುಗ ನಂಬಲಿ ಎಂದು ಅವನು ಹೇಗೆ ಬಯಸಿಯಾನು?

ಕನ್ನಡಕ್ಕೆ ಬೇಕಾದದ್ದು

2013ರಿಂದ ಹೈದರಾಬಾದಿನಲ್ಲೂ ಕಾಮಿಕ್ ಕಾನ್ ನಡೆಯುತ್ತಿದೆ. ಅಲ್ಲಿಗೆ ವೇಷ ಹಾಕಿ ಬರುವ ಹುಡುಗ ಹುಡುಗಿಯರಿಗೆ ಬ್ಯಾಟ್‌ಮ್ಯಾನ್‌ನ ಕತ್ತಲೆಯೂ ಡೆಡ್‌ಪೂಲ್‌ನ ಕೋಡಂಗಿತನವೂ ಒಂದೇ ಸಂಜೆಯ ಸಂಭ್ರಮ. ಓದುಗರಿಗೆ ಕಪಾಟಿನ ಗೋಡೆ ಬೇಕಿಲ್ಲ. ಬೇಕೆಂದುಕೊಂಡವರು ಪ್ರಕಾಶಕರು.

ಕನ್ನಡದಲ್ಲಿ ಈ ಗೋಡೆ ಇನ್ನೂ ಎತ್ತರವಾಗಿದೆ. ನಮ್ಮ ಹಾಸ್ಯಚಿತ್ರದ ಪರಂಪರೆ ಬಡವಲ್ಲ: ಹಾಸ್ಯಲೇಖಕ ‘ರಾಶಿ’ 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯ ಕಾಲದಿಂದ ಅದು ಬಂದಿದೆ, ಮೈಸೂರಿನ ಆರ್.ಕೆ. ಲಕ್ಷ್ಮಣ್ ಆ ಪತ್ರಿಕೆಗೂ ಗೆರೆ ಎಳೆದವರು. ಪುರಾಣ, ಇತಿಹಾಸದ ವೀರರ ಚಿತ್ರಕಥೆಗೆ ದೇಶಕ್ಕೇ ಮಾದರಿ ಕೊಟ್ಟವರು ಕಾರ್ಕಳದ ಅನಂತ ಪೈ. ಆದರೆ ಆ ಎರಡು ಕೈಗಳು ಕನ್ನಡದ ಪುಟದಲ್ಲಿ ಕೂಡಿ ಕೆಲಸ ಮಾಡಿದ್ದು ತೀರ ಕಡಿಮೆ. ವೀರನನ್ನು ಬರೆಯುವವರು ಹಾಸ್ಯವನ್ನು ಮರ್ಯಾದೆಗೆ ಕುಂದೆಂದುಕೊಂಡರು. ಹಾಸ್ಯ ಬರೆಯುವವರು ವೀರವನ್ನು ಅಣಕಕ್ಕೆ ಮಾತ್ರ ಮುಟ್ಟಿದರು. ನಡುವೆ ಮಕ್ಕಳು ಇಂಗ್ಲಿಷಿಗೂ ಹಿಂದಿಗೂ ಹೋದರು. ಹೈದರಾಬಾದಿನಂಥ ಊರಿನ ಕನ್ನಡ ಮನೆಗಳಲ್ಲಿ, ಕನ್ನಡ, ತೆಲುಗು, ಹಿಂದಿ ಮೂರನ್ನೂ ಆಡುವ ಮಕ್ಕಳಿಗೆ ಕನ್ನಡದಲ್ಲಿ ಓದಲು ಒಂದು ಕಾರಣ ಬೇಕು. ಬುದ್ಧಿವಾದದ ಪುಸ್ತಕ ಆ ಕಾರಣವಾಗಲಾರದು.

ಹೊಸದಾಗಿ ಬರೆಯುವವರಿಗೆ ನನ್ನ ಸಲಹೆ ನೇರವಾದದ್ದು. ವೀರನ ಶಕ್ತಿ ಏನೆಂದು ತೀರ್ಮಾನಿಸುವ ಮೊದಲು, ಅವನು ಬಾರದಿದ್ದರೆ ನಿಜವಾಗಿ ಕೆಡುವುದು ಯಾರ ಬದುಕು ಎಂದು ತೀರ್ಮಾನಿಸಿ. ಅದು ಬೆಳ್ಳಂದೂರಿನ ಕೆರೆಯ ದಡದಲ್ಲಿ ಬದುಕುವವರದಾಗಿರಲಿ, ಕಾಸರಗೋಡಿನ ಎಂಡೋಸಲ್ಫಾನ್ ಪೀಡಿತ ಮಗುವಿನದಾಗಿರಲಿ, ಕೆಲಸಕ್ಕಾಗಿ ಹೈದರಾಬಾದಿಗೆ ಗುಳೆ ಹೋದ ಕಲ್ಯಾಣ ಕರ್ನಾಟಕದ ಮನೆಯವರದಾಗಿರಲಿ. ಅವರಿಗೆ ಹೆಸರು, ಮನೆ, ಮಾತು ಕೊಡಿ. ಅವರೂ ನಗಲಿ, ಕಷ್ಟದಲ್ಲಿರುವವರು ನಗುವುದಿಲ್ಲ ಎಂಬುದೂ ಒಂದು ಸುಳ್ಳು. ಅವರ ಭಯ ನಿಜವಾದ ಮೇಲೆ ವೀರ ಮರದಿಂದ ಬೀಳಲಿ, ಮೇಲಂಗಿ ಮುಳ್ಳಿಗೆ ಸಿಕ್ಕಲಿ, ಹಾರಲು ಹೋಗಿ ಸಗಣಿಯಲ್ಲಿ ಕಾಲಿಡಲಿ, ಖಳನ ಕಿರೀಟ ಜಾರಲಿ. ಓದುಗ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಾನೆ, ಪುಟವನ್ನೂ ಬಿಡುವುದಿಲ್ಲ.

ಸಂಪಾದಕರಿಗೂ ಇದೇ ಪರೀಕ್ಷೆ ಸಾಕು. ಹಸ್ತಪ್ರತಿಯಲ್ಲಿ ನಗೆ ಬರುವ ಪ್ರತಿ ಚೌಕದಲ್ಲೂ ಈ ನಗೆಗೆ ಬೆಲೆ ತೆರುತ್ತಿರುವವರು ಯಾರು ಎಂದು ಕೇಳಬೇಕು. ಬಲ ಇದ್ದವರಾದರೆ ಹಾಗೇ ಇರಲಿ. ಇಲ್ಲದವರಾದರೆ ಆ ಚೌಕವನ್ನು ಮತ್ತೆ ಬರೆಸಬೇಕು. ಬಲ ಇರುವುದು ಯಾರಿಗಾಗಿ ಎಂಬುದನ್ನು ಮರೆಯದ ಕಥೆಗೆ ನಗಲು ಯಾವ ಅಂಜಿಕೆಯೂ ಬೇಕಿಲ್ಲ.